ಎಂಜಿನ್ ದೀಪ ಹತ್ತಿದರೆ ಮೊದಲು ಪರೀಕ್ಷೆ, ಆಮೇಲೆ ಪಾರ್ಟ್

ಕುಮಟಾದಲ್ಲಿ ಟ್ಯಾಕ್ಸಿ ಚಾಲಕರು, ಸ್ವಂತ ಕಾರಿನವರು ಮತ್ತು ಐಟಿಐ ಓದುವ ಹುಡುಗರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಬಹಳ ಜನ ಇದನ್ನು ಅನುಭವಿಸಿದವರೇ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತುತ್ತದೆ. ಗ್ಯಾರೇಜಿಗೆ ಹೋಗುತ್ತೀರಿ. ಸ್ಕ್ಯಾನರ್ ಹಾಕುತ್ತಾರೆ. ಒಂದು ಕೋಡ್ ಬರುತ್ತದೆ, ಅದರಲ್ಲಿ ಯಾವುದೋ ಸೆನ್ಸರಿನ ಹೆಸರಿರುತ್ತದೆ. ‘ಸೆನ್ಸರ್ ಹೋಗಿದೆ, ಹುಬ್ಬಳ್ಳಿಯಿಂದ ತರಿಸಬೇಕು’ ಅನ್ನುತ್ತಾರೆ. ಕಾಯುತ್ತೀರಿ. ಪಾರ್ಟ್ ಬರುತ್ತದೆ, ಹಾಕುತ್ತಾರೆ, ಎರರ್ ಅಳಿಸುತ್ತಾರೆ, ದೀಪ ಆರುತ್ತದೆ. ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ ದೀಪ ಮತ್ತೆ ಹತ್ತಿರುತ್ತದೆ.

ಹಾಕಿದ ಸೆನ್ಸರನ್ನು ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ. ಎಲೆಕ್ಟ್ರಿಕಲ್ ಪಾರ್ಟಿಗೆ ಹೆಚ್ಚಿನ ಕಡೆ ಅದೇ ನಿಯಮ. ಹಾಗಾಗಿ ಊಹೆ ಮಾಡಿ ಪಾರ್ಟ್ ಹಾಕಿದರೆ, ಆ ಊಹೆಯ ದುಡ್ಡು ಕಾರಿನ ಮಾಲೀಕರದ್ದೇ. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇಷ್ಟೇ: ಲೆಕ್ಕ ಎಲ್ಲಿ ತಪ್ಪಿದೆ ಅಂತ ಕೋಡ್ ಹೇಳುತ್ತದೆ. ಯಾವ ಪಾರ್ಟ್ ಕೆಟ್ಟಿದೆ ಅಂತ ಅದಕ್ಕೆ ಗೊತ್ತಿಲ್ಲ. ಅದನ್ನು ನಾವೇ ಪರೀಕ್ಷೆ ಮಾಡಿ ಕಂಡುಹಿಡಿಯಬೇಕು. ಅಡಿಕೆ ಮರದ ಸೋಗೆ ಹಳದಿಯಾಯ್ತು ಅಂತ ಯಾರೂ ಮೊದಲ ದಿನವೇ ಮರ ಕಡಿಯುವುದಿಲ್ಲ. ಬುಡದಲ್ಲಿ ನೀರು ನಿಂತಿದೆಯಾ, ಬೇರು ಕೊಳೆತಿದೆಯಾ, ಗೊಬ್ಬರ ಕಮ್ಮಿಯಾಯ್ತಾ ಅಂತ ನೋಡುತ್ತೇವೆ. ಕಾರಿಗೂ ಅಷ್ಟೇ ತಾಳ್ಮೆ ಬೇಕು.

ಮೊದಲು ಈ ದೀಪ ಯಾಕಿದೆ ಅಂತ ನೋಡೋಣ. ಇದು ಹುಟ್ಟಿದ್ದು ಹೊಗೆಯ ಕಾನೂನಿನಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1988ರ ಹೊತ್ತಿಗೆ ಮೊದಲ ರೂಪ ಬಂತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೆ ಓಬಿಡಿ-2, ಅಂದರೆ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ವ್ಯವಸ್ಥೆಯ ಎರಡನೇ ರೂಪ, ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್-4 (ಬಿಎಸ್ ಅಂದರೆ ನಮ್ಮ ದೇಶದ ಹೊಗೆ ಮಿತಿಯ ನಿಯಮ) ಕಾರುಗಳಿಗೆ 2013ರಿಂದ ಓಬಿಡಿ-2 ಬಂತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ನಿಗಾ ಇನ್ನೂ ಬಿಗಿಯಾಯಿತು. ಸೈಲೆನ್ಸರಿನಿಂದ ಹೊರಬರುವ ಹೊಗೆ ಮಿತಿ ಮೀರುವಂಥ ತೊಂದರೆ ಕಂಡರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಈ ದೀಪ ಹತ್ತಿಸುತ್ತದೆ. ಹಾಗಾಗಿ ಗಾಡಿ ಆರಾಮಾಗಿ ಓಡುತ್ತಿದ್ದರೂ ದೀಪ ಹತ್ತಬಹುದು. ‘ಪಿಕಪ್ ಚೆನ್ನಾಗಿದೆ, ದೀಪ ಸುಮ್ನೆ ಹತ್ತಿದೆ’ ಅಂತ ಬಿಡಬೇಡಿ.

ದೀಪ ಹಳದಿಯಾಗಿ ನಿಂತಿದ್ದರೆ ನಿಧಾನಕ್ಕೆ ಮನೆಗೋ ಗ್ಯಾರೇಜಿಗೋ ಹೋಗಬಹುದು. ಮಿಣುಕುತ್ತಿದ್ದರೆ ಬೇರೆ ಮಾತು. ಆಗ ಎಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ (ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ), ಸುಡದ ಪೆಟ್ರೋಲ್ ಸೈಲೆನ್ಸರಿನ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತಿದೆ ಅಂತ ಅರ್ಥ. ಅದರ ಒಳಗಿನ ಜೇನುಗೂಡಿನಂಥ ಪಿಂಗಾಣಿ ಕರಗಿಹೋಗುತ್ತದೆ. ಆಗ ಗಾಡಿ ಬದಿಗೆ ಹಾಕಿ. ಇನ್ನು ಕೆಂಪು ದೀಪ, ಅಂದರೆ ಆಯಿಲ್ ಪ್ರೆಶರ್ ಅಥವಾ ಎಂಜಿನ್ ಬಿಸಿಯ ದೀಪ ಹತ್ತಿದರೆ ಮುಂದಿನ ಊರಿನವರೆಗೂ ಹೋಗಬೇಡಿ. ಅಲ್ಲೇ ನಿಲ್ಲಿಸಿ ಎಂಜಿನ್ ಬಂದ್ ಮಾಡಿ.

ಕಾರಿನೊಳಗೆ ಸಾಕ್ಷಿ ಇದೆ, ಅಳಿಸಬೇಡಿ

ಹೆಚ್ಚಿನ ತೊಂದರೆಗಳನ್ನು ಇಸಿಯು ಒಂದೇ ಸಲಕ್ಕೆ ನಂಬುವುದಿಲ್ಲ. ಮೊದಲ ಸಲ ಕಂಡಾಗ ಪೆಂಡಿಂಗ್ ಕೋಡ್ ಅಂತ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಓಡಾಟದಲ್ಲೂ ಅದೇ ಕಂಡರೆ ದೀಪ ಹತ್ತಿಸುತ್ತದೆ. ಹಾಗೆ ಕೋಡ್ ದಾಖಲಿಸುವಾಗ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಆ ಕ್ಷಣದಲ್ಲಿ ಎಂಜಿನ್ ಹೇಗಿತ್ತು ಅನ್ನುವುದರ ಒಂದು ಫೋಟೋ ತೆಗೆದಿಟ್ಟುಕೊಳ್ಳುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಗಾಡಿಯ ವೇಗ, ಆರ್‌ಪಿಎಂ, ಕೂಲೆಂಟ್ ಬಿಸಿ, ಎಂಜಿನ್ ಮೇಲಿನ ಭಾರ, ಪೆಟ್ರೋಲ್ ಎಷ್ಟು ಹೆಚ್ಚು ಅಥವಾ ಕಮ್ಮಿ ಹಾಕುತ್ತಿತ್ತು ಅನ್ನುವ ಲೆಕ್ಕ ಎಲ್ಲ ಅದರಲ್ಲಿ ಇರುತ್ತದೆ.

ಒಂದೇ ಕೋಡ್ ಬಂದ ಎರಡು ಕಾರು ಅಂದುಕೊಳ್ಳಿ. ಎರಡರಲ್ಲೂ ಪಿ0171, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಒಂದರ ಫ್ರೀಜ್ ಫ್ರೇಮಿನಲ್ಲಿ ವೇಗ ಸೊನ್ನೆ, 780 ಆರ್‌ಪಿಎಂ. ಅದು ನಿಂತಲ್ಲೇ ಐಡಲಿಂಗ್‌ನಲ್ಲಿದ್ದಾಗ ಆದದ್ದು. ಇನ್ನೊಂದರಲ್ಲಿ ವೇಗ 34, 2900 ಆರ್‌ಪಿಎಂ, ಎಂಜಿನ್ ಭಾರ ಶೇ 90. ಅದು ಘಟ್ಟ ಹತ್ತುವಾಗ ಆದದ್ದು. ಕೋಡ್ ಒಂದೇ, ಕಾಯಿಲೆ ಬೇರೆ ಬೇರೆ ಅಲ್ವಾ?

ಇಂಥ ಸಾಕ್ಷಿಯನ್ನು ನಾವು ಏನು ಮಾಡುತ್ತೇವೆ? ಸ್ಕ್ಯಾನರ್ ಹಾಕಿದ ಕೂಡಲೇ ಅಳಿಸಿಬಿಡುತ್ತೇವೆ. ಇಲ್ಲದಿದ್ದರೆ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹತ್ತು ನಿಮಿಷ ಬಿಟ್ಟು ಹಾಕುತ್ತೇವೆ. ಎರಡೂ ಒಂದೇ. ಕೋಡ್ ಜೊತೆಗೆ ಫ್ರೀಜ್ ಫ್ರೇಮೂ ಹೋಯಿತು. ದಯವಿಟ್ಟು ಅಳಿಸುವ ಮುಂಚೆ ಮೊಬೈಲಿನಲ್ಲಿ ಆ ಪರದೆಯ ಫೋಟೋ ತೆಗೆದುಕೊಳ್ಳಿ. ಗ್ಯಾರೇಜಿನವರಿಗೂ ಹಾಗೇ ಹೇಳಿ. ರಿಪೇರಿ ಸರಿಯಾಗಿ ಆದರೆ ಅಳಿಸುವ ಗೋಜೂ ಇಲ್ಲ. ತೊಂದರೆ ಕಾಣದ ಮೂರು ಓಡಾಟ ಆದ ಮೇಲೆ ದೀಪ ತಾನಾಗಿಯೇ ಆರುತ್ತದೆ.

ಕಾರವಾರ ಕಡೆಯ ಒಂದು ಕಾರು

ಮಾತಿನಲ್ಲಿ ಹೇಳಿದರೆ ಸಾಲದು, ಒಂದು ಕಾರನ್ನು ಹತ್ತಿರದಿಂದ ನೋಡೋಣ. ಕಾರವಾರ ಮತ್ತು ಅಂಕೋಲಾ ಮಧ್ಯೆ ಸಮುದ್ರದ ಪಕ್ಕದಲ್ಲೇ ದಿನಾ ಓಡುವ ಪೆಟ್ರೋಲ್ ಕಾರು. ಕೋಡ್ ಪಿ0118. ಕೂಲೆಂಟಿನ ಬಿಸಿ ಅಳೆಯುವ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಜಾಸ್ತಿ ಅಂತ. ನನ್ನ ಹತ್ತಿರ ಬರುವ ಮುಂಚೆಯೇ ಬೇರೆ ಕಡೆ ಹೊಸ ಸೆನ್ಸರ್ ಹಾಕಿಸಿದ್ದರು. ದೀಪ ಹೋಗಿರಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿದರೆ ರೇಡಿಯೇಟರ್ ಫ್ಯಾನ್ ಬಿಡದೆ ತಿರುಗುತ್ತಿತ್ತು. ‘ಇಸಿಯು ಹೋಗಿರಬಹುದು’ ಅಂತ ಯಾರೋ ಹೇಳಿದ್ದರಿಂದ ಮಾಲೀಕರು ಹೆದರಿಹೋಗಿದ್ದರು. ಇಸಿಯು ಅಂದರೆ ಸಣ್ಣ ದುಡ್ಡಲ್ಲ.

ಈ ಸೆನ್ಸರಿಗೆ ಎರಡೇ ವೈರ್. ಒಂದರಲ್ಲಿ ಇಸಿಯು 5 ವೋಲ್ಟ್ ಕಳಿಸುತ್ತದೆ, ಇನ್ನೊಂದು ವಾಪಸ್ ಹೋಗುವ ಅರ್ಥ್ ವೈರ್. ಸೆನ್ಸರಿನ ಒಳಗೆ ಇರುವುದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಮ್ಮಿಯಾಗುವ ಒಂದು ತುಣುಕು. ತಣ್ಣಗಿದ್ದಾಗ ಸುಮಾರು ಎರಡೂವರೆ ಸಾವಿರ ಓಮ್, ಎಂಜಿನ್ ಕಾದ ಮೇಲೆ ಕೆಲವೇ ನೂರು ಓಮ್. ರೆಸಿಸ್ಟೆನ್ಸ್ ಕಮ್ಮಿಯಾದಂತೆ ವೋಲ್ಟೇಜ್ ಇಳಿಯುತ್ತದೆ, ಅದನ್ನು ನೋಡಿ ಇಸಿಯು ಬಿಸಿ ಎಷ್ಟು ಅಂತ ಲೆಕ್ಕ ಹಾಕುತ್ತದೆ. ದಾರಿ ಎಲ್ಲಾದರೂ ತುಂಡಾದರೆ ವೋಲ್ಟೇಜ್ ಇಳಿಯುವುದೇ ಇಲ್ಲ, 5ರಲ್ಲೇ ನಿಂತುಬಿಡುತ್ತದೆ. ಆಗ ಸ್ಕ್ಯಾನರ್ ಮೈನಸ್ 40 ಡಿಗ್ರಿ ತೋರಿಸುತ್ತದೆ. ಕಾರವಾರದಲ್ಲಿ ಮೈನಸ್ 40! ಅಂದರೆ ಎಲ್ಲೋ ಸಂಪರ್ಕ ಕಡಿದಿದೆ. ನಿಜವಾದ ಬಿಸಿ ಗೊತ್ತಾಗದೆ ಇಸಿಯು ಎಂಜಿನ್ ಉಳಿಸಿಕೊಳ್ಳಲು ಫ್ಯಾನ್ ಓಡಿಸುತ್ತಿದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಸೆನ್ಸರಿನ ಕಪ್ಲರ್, ಅಂದರೆ ವೈರ್ ಸೆನ್ಸರಿಗೆ ಸೇರುವ ತುದಿ, ಬಿಚ್ಚಿ, ಆ ಕಪ್ಲರಿನ ಎರಡು ಪಿನ್ನುಗಳನ್ನು ಒಂದು ಚಿಕ್ಕ ವೈರಿನಿಂದ ಸೇರಿಸಿದೆ. ವೈರಿಂಗ್ ಸರಿಯಿದ್ದರೆ ರೀಡಿಂಗ್ ಮೈನಸ್ 40ರಿಂದ ಒಮ್ಮೆಲೇ ನೂರಮೂವತ್ತು, ನೂರನಲವತ್ತು ಡಿಗ್ರಿಗೆ ಜಿಗಿಯಬೇಕು. ಜಿಗಿದರೆ ಇಸಿಯು ಚೆನ್ನಾಗಿದೆ, ವೈರ್ ಚೆನ್ನಾಗಿದೆ, ಸೆನ್ಸರೇ ಕೆಟ್ಟಿದೆ ಅಂತ. ಈ ಕಾರಿನಲ್ಲಿ ಜಿಗಿಯಲಿಲ್ಲ. ಮೈನಸ್ 40ರಲ್ಲೇ ನಿಂತಿತು. ಅಂದರೆ ಹಳೆಯ ಸೆನ್ಸರೂ ಬಹುಶಃ ಚೆನ್ನಾಗಿಯೇ ಇತ್ತು. ಹುಡುಗರೇ, ಇಲ್ಲಿ ಒಂದು ಎಚ್ಚರಿಕೆ: ಹೀಗೆ ಸೇರಿಸಿ ನೋಡುವುದು ಎರಡು ವೈರಿನ ಟೆಂಪರೇಚರ್ ಸೆನ್ಸರಿಗೆ ಮಾತ್ರ. ಮೂರು ವೈರಿನ ಸೆನ್ಸರಿನಲ್ಲಿ ಅಂದಾಜಿಗೆ ಪಿನ್ ಸೇರಿಸಿದರೆ ಇಲ್ಲದ ತೊಂದರೆ ತಂದುಕೊಂಡಂತೆ.

ಆಮೇಲೆ ಮಲ್ಟಿಮೀಟರ್ ಹಿಡಿದೆ. ಇಗ್ನಿಷನ್ ಆನ್. ಕೆಂಪು ಮೊನೆ ಸಿಗ್ನಲ್ ಪಿನ್ನಿಗೆ, ಕಪ್ಪು ಮೊನೆ ಬ್ಯಾಟರಿಯ ಮೈನಸ್ಸಿಗೆ. ಮೀಟರ್ 5 ವೋಲ್ಟ್ ತೋರಿಸಿತು. ಇಸಿಯುನಿಂದ ಬರುವ ವೈರ್ ಸರಿ ಇದೆ. ಈಗ ಕಪ್ಪು ಮೊನೆಯನ್ನು ಬ್ಯಾಟರಿಯಿಂದ ತೆಗೆದು ಕಪ್ಲರಿನ ಇನ್ನೊಂದು ಪಿನ್ನಿಗೆ ಇಟ್ಟೆ. ಮೀಟರ್ ಸೊನ್ನೆಗೆ ಬಿತ್ತು. ಅರ್ಥ್ ವೈರ್ ಎಲ್ಲೋ ತುಂಡಾಗಿದೆ ಅಂತ ಖಚಿತವಾಯಿತು. ಇಲ್ಲಿಯವರೆಗೆ ಒಂದು ರೂಪಾಯಿಯ ಪಾರ್ಟೂ ಖರ್ಚಾಗಿಲ್ಲ ಅನ್ನುವುದನ್ನು ಗಮನಿಸಿ.

ವೈರಿಂಗ್ ಮೇಲಿನ ಟೇಪ್ ಬಿಚ್ಚಿ, ಆ ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಒಳಗೆ ತಾಮ್ರ ಇದ್ದರೆ ವೈರ್ ಬಿಗಿಯಾಗಿ ನಿಲ್ಲುತ್ತದೆ. ಇದು ಒಂದು ಜಾಗದಲ್ಲಿ ರಬ್ಬರಿನ ಹಾಗೆ ಹಿಗ್ಗಿತು. ಅಲ್ಲೇ ಕತ್ತರಿಸಿದೆ. ಒಳಗೆ ತಾಮ್ರವೇ ಇರಲಿಲ್ಲ. ಹಸಿರು ಮಿಶ್ರಿತ ಕಪ್ಪು ಪುಡಿ, ಬೆರಳುದ್ದಕ್ಕೆ. ಪಕ್ಕದಲ್ಲಿ ಪ್ಲಾಸ್ಟಿಕ್ ಮೇಲೆ ಸೂಜಿ ಚುಚ್ಚಿದ ಒಂದು ತೂತು. ಯಾವತ್ತೋ ಯಾರೋ ಟೆಸ್ಟ್ ಲ್ಯಾಂಪಿನ ಮೊನೆ ಚುಚ್ಚಿ ಕರೆಂಟ್ ನೋಡಿದ್ದಾರೆ, ತೂತು ಮುಚ್ಚದೆ ಬಿಟ್ಟಿದ್ದಾರೆ. ಸಮುದ್ರದ ಉಪ್ಪಿನ ತೇವ ಅದರೊಳಗೆ ಇಳಿದು ತಾಮ್ರವನ್ನು ತಿಂದಿದೆ. ಹೊಳೆಯುವ ತಾಮ್ರ ಸಿಗುವವರೆಗೆ ಎರಡೂ ಕಡೆ ಕತ್ತರಿಸಿ, ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಏರಿಸಿದೆ. ಕಪ್ಲರ್ ಹಾಕಿದ ಕೂಡಲೇ ಸ್ಕ್ಯಾನರ್ 31 ಡಿಗ್ರಿ ತೋರಿಸಿತು. ಹೊರಗಿನ ಹವೆಯೂ ಅಷ್ಟೇ ಇತ್ತು.

ನಮ್ಮ ಕರಾವಳಿಯ ಕಾಯಿಲೆಗಳು

ಈ ಕಥೆಯನ್ನು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ಭಟ್ಕಳದಿಂದ ಕಾರವಾರದವರೆಗೆ ಹೆದ್ದಾರಿ 66ರ ಉದ್ದಕ್ಕೂ ಓಡುವ ಗಾಡಿಗಳಲ್ಲಿ ಸೆನ್ಸರಿಗಿಂತ ಕಪ್ಲರ್, ವೈರ್, ಅರ್ಥ್ ಕೆಡುವುದೇ ಜಾಸ್ತಿ. ಉಪ್ಪು ಗಾಳಿ, ತಿಂಗಳುಗಟ್ಟಲೆ ಬಿಡದ ಮಳೆ, ಬಿಸಿ ಎಂಜಿನ್. ಮೂರೂ ಸೇರಿದರೆ ತಾಮ್ರ ಉಳಿಯುವುದು ಕಷ್ಟ. ಬಯಲುಸೀಮೆಯ ಮೆಕ್ಯಾನಿಕ್ ಮಾಡಿದ ವಿಡಿಯೋದಲ್ಲಿ ಇದು ಅಷ್ಟಾಗಿ ಬರುವುದಿಲ್ಲ. ನಮ್ಮೂರಿನಲ್ಲಿ ಕೋಡ್ ಬಂದ ಮೇಲೆ ಮೊದಲ ಕೆಲಸ ಬಾನೆಟ್ ಎತ್ತಿ ಕಣ್ಣಿನಿಂದ ನೋಡುವುದು. ಕೋಡಿನಲ್ಲಿ ಹೆಸರಿರುವ ಸೆನ್ಸರಿನ ಕಪ್ಲರ್ ಬಿಚ್ಚಿ ಪಿನ್ನುಗಳ ಬಣ್ಣ ನೋಡಿ. ಹಸಿರು ಕಂಡರೆ ನಿಮ್ಮ ಪರೀಕ್ಷೆ ಅಲ್ಲಿಂದಲೇ ಶುರು.

ಘಟ್ಟದ ಮೇಲಿನವರಿಗೆ ಇಲಿಯ ಕಾಟ. ಮಳೆಗಾಲದಲ್ಲಿ ತೋಟದ ಮನೆಯ ಅಂಗಳದಲ್ಲಿ ನಿಂತ ಕಾರು ಇಲಿಗೆ ಬೆಚ್ಚಗಿನ ಜಾಗ. ವೈರ್ ಕಡಿಯುತ್ತದೆ. ಏರ್ ಫಿಲ್ಟರ್ ಡಬ್ಬಿಯೊಳಗೆ ಬಟ್ಟೆ ಚಿಂದಿ, ಒಣ ಎಲೆ ಸೇರಿಸಿ ಗೂಡು ಕಟ್ಟುತ್ತದೆ. ಫಿಲ್ಟರ್ ಡಬ್ಬಿ ತೆರೆದು ನೋಡಲು ನಾಲ್ಕು ಕ್ಲಿಪ್ ಬಿಚ್ಚಿದರೆ ಸಾಕು. ಅದನ್ನೇ ನೋಡದೆ ಗಾಳಿ ಅಳೆಯುವ ಸೆನ್ಸರ್ ತರಿಸಿದವರಿದ್ದಾರೆ.

ಕೆಸರಾಯ್ತು ಅಂತ ವಾಟರ್ ಸರ್ವಿಸ್‌ನಲ್ಲಿ ಎಂಜಿನ್ ಮೇಲೆ ನೇರವಾಗಿ ಜೋರು ನೀರು ಹೊಡೆಸುವುದನ್ನು ಬಿಡಿ. ಸ್ಪಾರ್ಕ್ ಪ್ಲಗ್ ಇರುವ ಗುಂಡಿಯೊಳಗೆ ನೀರು ನಿಂತು ಮಾರನೇ ದಿನ ಮಿಸ್ಸಿಂಗ್ ಶುರುವಾಗುತ್ತದೆ.

ಬ್ಯಾಟರಿಯನ್ನೂ ಮರೆಯಬೇಡಿ. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಬ್ಯಾಟರಿ ಸೊರಗಿದ್ದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಕೋಡ್ ಒಟ್ಟಿಗೆ ಬರುತ್ತವೆ. ಹಾಗೆ ರಾಶಿ ಕೋಡ್ ಬಂದರೆ ಒಂದೊಂದರ ಹಿಂದೆ ಓಡಬೇಡಿ. ಮೊದಲು ಬ್ಯಾಟರಿ, ಆಮೇಲೆ ಅರ್ಥ್. ಅರ್ಥ್ ನೋಡುವುದು ಸುಲಭ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್, ಎಸಿ ಹಾಕಿ. ಮೀಟರಿನ ಒಂದು ಮೊನೆ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ. 0.1, ಹೆಚ್ಚೆಂದರೆ 0.2 ವೋಲ್ಟ್. ಅದಕ್ಕಿಂತ ಜಾಸ್ತಿ ಬಂದರೆ ಅರ್ಥ್ ಪಟ್ಟಿ ತುಕ್ಕು ಹಿಡಿದಿದೆ. ಬಿಚ್ಚಿ ಉಜ್ಜಿ ಬಿಗಿ ಮಾಡಿ.

ಸಮುದ್ರಮಟ್ಟ ಮತ್ತು ಶಿರಸಿಯ ಗಾಳಿ

ನನಗೆ ತುಂಬ ಇಷ್ಟವಾದ ಒಂದು ಪರೀಕ್ಷೆ ಹೇಳುತ್ತೇನೆ. ನಮ್ಮ ಜಿಲ್ಲೆಯವರಿಗೆ ಹೇಳಿ ಮಾಡಿಸಿದಂತಿದೆ. ಎಂಜಿನ್ನಿನೊಳಗೆ ಹೋಗುವ ಗಾಳಿಯ ಒತ್ತಡ ಅಳೆಯಲು ಎಂಎಪಿ ಅನ್ನುವ ಸೆನ್ಸರ್ ಇರುತ್ತದೆ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆಗ ಒಳಗೂ ಹೊರಗೂ ಒಂದೇ ಒತ್ತಡ. ಕಾರವಾರದಲ್ಲಿ, ಕುಮಟಾದಲ್ಲಿ ಸಮುದ್ರಮಟ್ಟ, ಹಾಗಾಗಿ ಸುಮಾರು 100, 101 ಕಿಲೋಪಾಸ್ಕಲ್ ತೋರಿಸಬೇಕು. ಅದೇ ಕಾರು ಘಟ್ಟ ಹತ್ತಿ ಶಿರಸಿಗೆ ಹೋದರೆ, ಊರು ಸುಮಾರು 590 ಮೀಟರ್ ಎತ್ತರದಲ್ಲಿದೆ, 94 ಅಥವಾ 95 ತೋರಿಸಬೇಕು. ಹಾಗೆ ತೋರಿಸಿದರೆ ಸೆನ್ಸರ್ ನಿಜ ಹೇಳುತ್ತಿದೆ. ಕಾರವಾರದಲ್ಲಿ ನಿಂತು 85 ತೋರಿಸಿದರೆ ನಂಬಬೇಡಿ. ಎಂಜಿನ್ ಕಾದು ಐಡಲಿಂಗ್‌ನಲ್ಲಿ ನಿಂತಾಗ 30ರಿಂದ 40ರ ಆಸುಪಾಸಿಗೆ ಇಳಿಯಬೇಕು. ಪೆಟ್ರೋಲ್ ಕಾರಿನ ಲೆಕ್ಕ ಇದು.

ಇದೇ ಥರ ಬೆಳಿಗ್ಗೆ ಇನ್ನೊಂದು ಮಾಡಬಹುದು. ರಾತ್ರಿಯಿಡೀ ನಿಂತ ಕಾರಿನಲ್ಲಿ ಸ್ಟಾರ್ಟ್ ಮಾಡುವ ಮುಂಚೆ ಕೂಲೆಂಟಿನ ಬಿಸಿ ಮತ್ತು ಒಳಗೆ ಬರುವ ಗಾಳಿಯ ಬಿಸಿ ಎರಡನ್ನೂ ನೋಡಿ. ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಒಂದು 24, ಇನ್ನೊಂದು 45 ಅಂದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ.

ಈಗ ಆ ಪಿ0171ಕ್ಕೆ ಬರೋಣ. ಈ ಕೋಡ್ ಬಂದರೆ ಆಕ್ಸಿಜನ್ ಸೆನ್ಸರ್ ಬದಲಿಸುವುದು ಒಂದು ರೂಢಿಯೇ ಆಗಿದೆ. ಪಾಪ, ಆ ಸೆನ್ಸರ್ ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಇದೆ ಅಂತ ಕಂಡದ್ದನ್ನು ಹೇಳಿದೆ, ಅಷ್ಟೇ. ಅದರ ಮಾತು ಕೇಳಿ ಇಸಿಯು ಪೆಟ್ರೋಲ್ ಹೆಚ್ಚಿಸುತ್ತಾ ಹೋಗುತ್ತದೆ. ಎಷ್ಟು ಹೆಚ್ಚಿಸಿದೆ ಅನ್ನುವ ಲೆಕ್ಕ ಫ್ಯುಯೆಲ್ ಟ್ರಿಮ್. ಪ್ಲಸ್ ಮೈನಸ್ ಶೇ 10ರ ಒಳಗಿದ್ದರೆ ಚಿಂತೆ ಇಲ್ಲ. 20, 25ರ ಹತ್ತಿರ ಹೋದಾಗ ಕೋಡ್ ಬರುತ್ತದೆ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುವುದರಿಂದ ಹಳೆಯ ಕಾರುಗಳಲ್ಲಿ ಈ ಟ್ರಿಮ್ ಮೂರು ನಾಲ್ಕು ಅಂಶ ಮೇಲಿರುವುದು ಸಹಜ. ಅದನ್ನೇ ಕಾಯಿಲೆ ಅಂದುಕೊಳ್ಳಬೇಡಿ.

ಟ್ರಿಮ್ ಯಾವಾಗ ಏರುತ್ತದೆ ಅನ್ನುವುದರಲ್ಲಿ ಉತ್ತರ ಇದೆ. ಎಂಎಎಫ್, ಅಂದರೆ ಗಾಳಿಯನ್ನೇ ಅಳೆಯುವ ಸೆನ್ಸರ್ ಇರುವ ಕಾರಿನಲ್ಲಿ ಐಡಲಿಂಗ್‌ನಲ್ಲಿ ಟ್ರಿಮ್ ಜಾಸ್ತಿ ಇದ್ದು, 2500ಕ್ಕೆ ರೇಸ್ ಕೊಟ್ಟಾಗ ಇಳಿದರೆ, ಎಲ್ಲೋ ರಬ್ಬರ್ ಪೈಪ್ ಒಡೆದು ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿದೆ. ಎಂಎಪಿ ಮಾತ್ರ ಇರುವ ಕಾರಿನಲ್ಲಿ ಹೀಗೆ ಪೈಪ್ ಒಡೆದರೆ ಟ್ರಿಮ್‌ಗಿಂತ ಐಡಲಿಂಗ್ ಏರುವುದೇ ಎದ್ದು ಕಾಣುತ್ತದೆ. ಇನ್ನು ಐಡಲಿಂಗ್‌ನಲ್ಲಿ ಸರಿಯಿದ್ದು ಅರಬೈಲ್ ಘಟ್ಟದಲ್ಲಿ ಭಾರ ಬಿದ್ದಾಗ ಟ್ರಿಮ್ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಫಿಲ್ಟರ್, ಪಂಪು, ಪಂಪಿಗೆ ಹೋಗುವ ವೋಲ್ಟೇಜ್ ನೋಡಿ. ಗೇಜ್ ಹಾಕಿ ಪ್ರೆಶರ್ ನೋಡಿ, ಮಾಮೂಲಿ ಪೆಟ್ರೋಲ್ ಕಾರುಗಳಲ್ಲಿ 3ರಿಂದ 4 ಬಾರ್ ಇರುತ್ತದೆ. ಕರಾವಳಿಯಲ್ಲಿ ಇನ್ನೊಂದು ಕಾರಣವೂ ಇದೆ. ಸೈಲೆನ್ಸರ್ ಪೈಪು ಸೆನ್ಸರಿಗಿಂತ ಮುಂಚೆಯೇ ತುಕ್ಕು ಹಿಡಿದು ತೂತಾಗಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಎಂಜಿನ್ ಸರಿ ಇದ್ದರೂ ಸೆನ್ಸರಿಗೆ ಆಮ್ಲಜನಕ ಜಾಸ್ತಿ ಕಾಣುತ್ತದೆ.

ಮಿಸ್ಸಿಂಗ್ ಕೋಡುಗಳು ಸುಲಭ. ಪಿ0301 ಅಂದರೆ ಒಂದನೇ ಸಿಲಿಂಡರ್, 0302 ಎರಡನೆಯದು, ಹೀಗೆ. ಪ್ಲಗ್ ಮೇಲೆ ಕಿಡಿಗೆ ಕರೆಂಟ್ ಕೊಡುವ ಒಂದೊಂದು ಕಾಯಿಲ್ ಇರುವ ಕಾರಾದರೆ ಒಂದನೆಯದರ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಒಂದಕ್ಕೆ. ಓಡಿಸಿ ನೋಡಿ. ಕೋಡ್ 0303 ಅಂತ ಬದಲಾದರೆ ಕಾಯಿಲ್ ಕೆಟ್ಟಿದೆ. 0301ರಲ್ಲೇ ಉಳಿದರೆ ಕಾಯಿಲ್ ಚೆನ್ನಾಗಿದೆ, ಪ್ಲಗ್ಗನ್ನೂ ಹಾಗೇ ಅದಲುಬದಲು ಮಾಡಿ. ಅದಾದ ಮೇಲೆ ಇಂಜೆಕ್ಟರ್, ಕಂಪ್ರೆಶನ್.

ತುಂಬ ದುಡ್ಡು ಹೋಗುವುದು ಪಿ0420ರಲ್ಲಿ. ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್. ಅದರೊಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಇರುತ್ತದೆ, ಅದಕ್ಕೇ ಆ ಬೆಲೆ. ಬದಲಿಸುವ ಮುಂಚೆ ಹಿಂದಿನ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ ನೋಡಿ. ಎಂಜಿನ್ ಚೆನ್ನಾಗಿ ಕಾದ ಮೇಲೆ, ಒಂದೇ ವೇಗದಲ್ಲಿ ಓಡುವಾಗ ಅದು 0.6, 0.7ರ ಹತ್ತಿರ ಹೆಚ್ಚು ಅಲುಗಾಡದೆ ನಿಲ್ಲಬೇಕು. ಹಳೆಯ ಮಾದರಿಯ ಮುಂದಿನ ಸೆನ್ಸರ್ 0.1ರಿಂದ 0.9ರವರೆಗೆ ಏರಿಳಿಯುತ್ತಲೇ ಇರುತ್ತದೆ. ಹಿಂದಿನದೂ ಹಾಗೇ ಕುಣಿಯುತ್ತಿದ್ದರೆ ಕನ್ವರ್ಟರ್ ಸೋತಿದೆ ಅಂತ ಅನುಮಾನಿಸಿ. ಆಗಲೂ ಪೈಪಿನಲ್ಲಿ ಸೋರಿಕೆ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಕನ್ವರ್ಟರನ್ನು ಕೊಂದದ್ದು ಯಾವುದು ಅಂತಲೂ ಹುಡುಕಿ. ಹಳೆಯ ಮಿಸ್ಸಿಂಗ್ ಇದ್ದ ಹಾಗೇ ಇದ್ದರೆ, ಆಯಿಲ್ ಸುಡುತ್ತಿದ್ದರೆ, ಹೊಸ ಕನ್ವರ್ಟರ್ ಕೂಡ ಉಳಿಯುವುದಿಲ್ಲ.

ಡೀಸೆಲ್ ಬಿಎಸ್-6 ಗಾಡಿ ಇಟ್ಟುಕೊಂಡು ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಒಂದು ಮಾತು. ಡಿಪಿಎಫ್ ಅನ್ನುವ ಮಸಿ ಹಿಡಿಯುವ ಜಾಲರಿ ಸುಮಾರು 600 ಡಿಗ್ರಿಗೆ ಕಾದು ಮಸಿಯನ್ನು ಸುಟ್ಟುಕೊಳ್ಳಬೇಕು. ಚಿಕ್ಕ ಓಡಾಟದಲ್ಲಿ ಅದು ಮುಗಿಯುವುದೇ ಇಲ್ಲ. ಆ ದೀಪ ಮೊದಲು ಕಂಡಾಗ ಕಾರಿನ ಪುಸ್ತಕದಲ್ಲಿ ಹೇಳಿದ ಹಾಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿ. ಬಹಳ ಸಲ ಅಷ್ಟರಲ್ಲೇ ಮುಗಿಯುತ್ತದೆ.

ನೋಡಿದ್ದಕ್ಕೆ ದುಡ್ಡು ಕೊಡಿ

ಇದು ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಇರುವ ಮಾತು. ಪಾರ್ಟ್ ಬದಲಿಸುವ ಚಾಳಿ ಬೆಳೆದದ್ದು ಮೆಕ್ಯಾನಿಕ್‌ಗೆ ಬುದ್ಧಿ ಕಮ್ಮಿ ಅಂತ ಅಲ್ಲ. ಮೂರು ಸಾವಿರದ ಸೆನ್ಸರ್ ಹಾಕಿದರೆ ನಾವು ಸುಮ್ಮನೆ ಬಿಲ್ ಕೊಡುತ್ತೇವೆ. ಒಂದೂವರೆ ತಾಸು ವೈರ್ ಹಿಡಿದು ಹುಡುಕಿ, ಬೆರಳುದ್ದದ ತುಂಡು ಹಾಕಿ ಸರಿ ಮಾಡಿದವರು ಎಂಟುನೂರು ಕೇಳಿದರೆ ‘ಏನು ಹಾಕಿದ್ದೀರಿ ಅಂತ ಎಂಟುನೂರು?’ ಅನ್ನುತ್ತೇವೆ. ಹುಡುಕಿದ್ದೇ ಕೆಲಸ ಅಂತ ನಮಗೆ ಅನ್ನಿಸುವುದಿಲ್ಲ. ಹಾಗಿರುವಾಗ ಅವರು ಹುಡುಕಲು ಯಾಕೆ ಹೋಗುತ್ತಾರೆ? ಹುಡುಕಿದರೆ ಸಂಸಾರ ನಡೆಯಬೇಕಲ್ಲ.

ಕಾರಿನವರು ಒಂದು ರೂಢಿ ಮಾಡಿಕೊಳ್ಳಿ. ಗಾಡಿ ಬಿಡುವಾಗಲೇ ಹೇಳಿ: ‘ಅಣ್ಣ, ಮೊದಲು ಪರೀಕ್ಷೆ ಮಾಡಿ, ಅದರ ಚಾರ್ಜ್ ಬೇರೆ ಕೊಡುತ್ತೇನೆ. ಪಾರ್ಟ್ ಹಾಕುವ ಮುಂಚೆ ಒಂದು ಫೋನ್ ಮಾಡಿ.’ ಫೋನ್ ಬಂದಾಗ ‘ಇದೇ ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು?’ ಅಂತ ಕೇಳಿ. ಜಗಳಕ್ಕೆ ಅಲ್ಲ, ತಿಳಿದುಕೊಳ್ಳಲು. ‘ವೋಲ್ಟೇಜ್ ಬರುತ್ತಿದೆ, ಅರ್ಥ್ ಇದೆ, ಸೆನ್ಸರ್ ಮಾತ್ರ ರೀಡಿಂಗ್ ಕೊಡುತ್ತಿಲ್ಲ’ ಅಂದರೆ ಧೈರ್ಯವಾಗಿ ಹಾಕಿಸಿ. ‘ಕೋಡ್ ಬಂದಿದೆ’ ಅನ್ನುವುದಷ್ಟೇ ಉತ್ತರವಾದರೆ ಸ್ವಲ್ಪ ತಡೆಯಿರಿ. ತೆಗೆದ ಹಳೆಯ ಪಾರ್ಟನ್ನೂ ಕೇಳಿ ತಗೊಳ್ಳಿ.

ಐಟಿಐ ಹುಡುಗರೇ, ನಿಮಗೆ ಇದರಲ್ಲಿ ಒಳ್ಳೆಯ ಭವಿಷ್ಯ ಇದೆ. ನಟ್ಟು ಬಿಚ್ಚುವವರು ನಮ್ಮ ಜಿಲ್ಲೆಯಲ್ಲಿ ಬಹಳ ಜನ ಇದ್ದಾರೆ. ಮೀಟರ್ ಹಿಡಿದು, ವೈರಿಂಗ್ ನಕ್ಷೆ ಓದಿ, ಕಾರಣ ಹೇಳಬಲ್ಲವರು ಕಮ್ಮಿ. ದುಬಾರಿ ಸ್ಕ್ಯಾನರ್ ಆಮೇಲೆ ಬರಲಿ. ಮೊದಲು ಒಂದು ಒಳ್ಳೆಯ ಮಲ್ಟಿಮೀಟರ್ ತಗೊಳ್ಳಿ, ಓಮ್ ನಿಯಮ ಕೈಗೆ ಬರುವವರೆಗೆ ಅಳೆಯಿರಿ. ಕೆಟ್ಟ ಕಾರಿಗಿಂತ ಚೆನ್ನಾಗಿರುವ ಕಾರಿನಲ್ಲಿ ಹೆಚ್ಚು ಅಳೆಯಿರಿ. ಸರಿ ಇದ್ದಾಗ ಎಷ್ಟಿರುತ್ತದೆ ಅಂತ ಗೊತ್ತಿದ್ದರೆ ತಾನೇ ತಪ್ಪಿದ್ದು ಕಣ್ಣಿಗೆ ಬೀಳುವುದು?

ಕೆಲವು ಪ್ರಶ್ನೆಗಳು

ಟ್ಯಾಕ್ಸಿಯವರೊಬ್ಬರು ಕೇಳಿದರು: ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಸಿಗುವ ಬ್ಲೂಟೂತ್ ಡಬ್ಬಿ ಸಾಕಾ?

ಮನೆ ಬಳಕೆಗೆ ಸಾಕು. ಎಂಜಿನ್ ಕೋಡ್, ಫ್ರೀಜ್ ಫ್ರೇಮ್, ಲೈವ್ ಡೇಟಾ ಮೊಬೈಲಿನಲ್ಲೇ ಕಾಣುತ್ತದೆ. ಇವತ್ತು ಹೇಳಿದ ಒತ್ತಡದ ಪರೀಕ್ಷೆ, ಬೆಳಗಿನ ಬಿಸಿಯ ಪರೀಕ್ಷೆ, ಟ್ರಿಮ್ ಎಲ್ಲವನ್ನೂ ಅದರಲ್ಲಿ ಮಾಡಬಹುದು. ಎಬಿಎಸ್, ಏರ್‌ಬ್ಯಾಗ್ ಕೋಡುಗಳು ಹೆಚ್ಚಿನವುಗಳಲ್ಲಿ ಬರುವುದಿಲ್ಲ, ಅದಕ್ಕೆ ದೊಡ್ಡ ಸ್ಕ್ಯಾನರ್ ಬೇಕು. ಸ್ಟೇರಿಂಗ್ ಕೆಳಗಿನ ಆ 16 ಪಿನ್ನಿನ ಸಾಕೆಟ್ಟಿನಲ್ಲಿ ಕೀ ತೆಗೆದ ಮೇಲೂ ಬ್ಯಾಟರಿ ಕರೆಂಟ್ ಇರುತ್ತದೆ. ಹಾಗಾಗಿ ಡಬ್ಬಿಯನ್ನು ಅಲ್ಲೇ ಬಿಟ್ಟು ವಾರಗಟ್ಟಲೆ ಗಾಡಿ ನಿಲ್ಲಿಸಬೇಡಿ.

ಇನ್ನೊಬ್ಬರ ಪ್ರಶ್ನೆ: ದೀಪ ಹತ್ತಿದೆ, ಗಾಡಿ 40ರ ಮೇಲೆ ಏಳುತ್ತಲೇ ಇಲ್ಲ, ಎಂಜಿನ್ ಹೋಯಿತಾ?

ಅದು ಲಿಂಪ್ ಮೋಡ್ ಇರಬಹುದು. ದೊಡ್ಡ ಹಾನಿ ಆಗದಿರಲಿ ಅಂತ ಇಸಿಯು ತಾನೇ ಶಕ್ತಿ ತಗ್ಗಿಸುತ್ತದೆ. ಒಂದು ಪೈಪ್ ಕಳಚಿದರೂ, ಪೆಡಲ್ ಸೆನ್ಸರಿನ ಕಪ್ಲರ್ ಸಡಿಲವಾದರೂ ಹಾಗಾಗುತ್ತದೆ. ಘಟ್ಟದ ತಿರುವಿನಲ್ಲಿ ಹಾಗಾದರೆ ಹಜಾರ್ಡ್ ಲೈಟ್ ಹಾಕಿ, ಅಗಲ ಇರುವ ಜಾಗದಲ್ಲಿ ನಿಲ್ಲಿಸಿ.

ಕೊನೆಯದು ಹೊನ್ನಾವರದ ಕಡೆಯವರೊಬ್ಬರದು: ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳುವಾಗ ಏನು ನೋಡಬೇಕು?

ಕೀ ತಿರುಗಿಸಿ ಇಗ್ನಿಷನ್ ಆನ್ ಮಾಡಿದಾಗ ಎಂಜಿನ್ ದೀಪ ಹತ್ತಲೇಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಮೊದಲಿಗೆ ಹತ್ತುವುದೇ ಇಲ್ಲ ಅಂದರೆ ಬಲ್ಬ್ ಹೋಗಿದೆ, ಅಥವಾ ಯಾರೋ ದೀಪವನ್ನೇ ತೆಗೆಸಿದ್ದಾರೆ. ಆಮೇಲೆ ಸ್ಕ್ಯಾನರಿನಲ್ಲಿ ಮಾನಿಟರ್ ರೆಡಿನೆಸ್ ಅನ್ನುವ ಪಟ್ಟಿ ನೋಡಿ. ಇಸಿಯು ತನ್ನ ಸ್ವಂತ ಪರೀಕ್ಷೆಗಳನ್ನು ಮುಗಿಸಿದೆಯಾ ಅಂತ ಅದು ತೋರಿಸುತ್ತದೆ. ಕೋಡ್ ಒಂದೂ ಇಲ್ಲ, ಆದರೆ ಪರೀಕ್ಷೆಗಳಲ್ಲಿ ಹೆಚ್ಚಿನವು ಮುಗಿದಿಲ್ಲ ಅಂತ ಬಂದರೆ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಮಾರುವವರು ಒಪ್ಪಿದರೆ ಹೆದ್ದಾರಿ, ಪೇಟೆ, ಸ್ವಲ್ಪ ಏರು ಸೇರಿಸಿ ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ಸ್ಕ್ಯಾನ್ ಮಾಡಿ. ಒಪ್ಪದಿದ್ದರೆ ಆ ಕಾರು ಬಿಟ್ಟು ಬೇರೆ ನೋಡಿ.